ಕಪ್ಪು ಗೋಧಿ ಬನ್ನು, ಬಿಸ್ಕೀಟು, ಟೋಸ್ಟ್: ಭಟ್ಟಿಗೆ ಹೋದ ಮೇಲೆ ಬಣ್ಣ ಎಲ್ಲಿ ಹೋಗ್ತದ?

ಗಂಗಾವತಿ ಬೇಕರಿ

ಎಲ್ಲರಿಗೂ ನಮಸ್ಕಾರ್ರಿ. ಕಪ್ಪು ಗೋಧಿ ಹಿಟ್ಟಿನಾಗ ಮೂರು ಐಟಂ ಮಾಡಾಕ ಹತ್ತೀವಿ. ಹಿಟ್ಟು ಒಂದೇ, ಬಣ್ಣ ಮಾತ್ರ ಮೂರು ದಿಕ್ಕಿಗೆ ಹೋಗೈತಿ. ಅಳತಿ ಪೂರಾ ಬರದೀನಿ, ನೋಡಿ ಹೇಳ್ರಿ.

ಬನ್ನು: ಕಪ್ಪು ಗೋಧಿ ಹಿಟ್ಟು 600 ಗ್ರಾಂ, ಮೈದಾ 400, ನೀರು 640 ಮಿಲಿ, ಒಣ ಈಸ್ಟ್ 10, ಸಕ್ಕರಿ 60, ಉಪ್ಪು 16, ಎಣ್ಣಿ 50. 60 ಗ್ರಾಂ ಉಂಡಿ, 210 ಡಿಗ್ರಿ, 13 ನಿಮಿಷ. ಒಳಗ ಬೂದು ನೇರಳೆ ಬರ್ತೈತಿ, ಅಡ್ಡಿಯಿಲ್ಲ.

ಬಿಸ್ಕೀಟು: ಕಪ್ಪು ಗೋಧಿ ಹಿಟ್ಟು 1 ಕೆಜಿ, ಸಕ್ಕರಿ ಪುಡಿ 400, ವನಸ್ಪತಿ 450, ಸೋಡಾ 8, ಕಲಸಾಕ ಬೇಕಾದಷ್ಟು ಹಾಲು. 5 ಮಿ.ಮೀ. ದಪ್ಪ, 175 ಡಿಗ್ರಿ, 15 ನಿಮಿಷ. ಹಸಿರು ತಿರುಗಿದ ಬೂದಿ ಬಣ್ಣ.

ಟೋಸ್ಟ್: ಬನ್ನಿನ ಹಿಟ್ಟಿಂದನೇ ಬ್ರೆಡ್ ಮಾಡಿ, ಹೋಳು ಕೊಯ್ದು 130 ಡಿಗ್ರಿಗೆ 50 ನಿಮಿಷ. ಬರೀ ಕಂದು. ಸಾದಾ ಗೋಧಿ ಟೋಸ್ಟಿಗೂ ಇದಕ್ಕೂ ಫರಕ್ಕೇ ಕಾಣವಲ್ದು.

ಗಿರಾಕಿ ಕೇಳೂದು ಒಂದೇ ಮಾತು, "ಕಪ್ಪು ಗೋಧಿ ಅಂತೀರಿ, ಕಪ್ಪೆಲ್ಲೈತಿ?" ಮ್ಯಾಲೆ ಬಣ್ಣ ಸುರದು ಮಾರಾಕ ಮನಸಿಲ್ಲ. ಶಾಖ ಜಾಸ್ತಿ ಆತೋ, ಬೋರಿನ ನೀರಿನ ದೋಷೋ?

ರಾಯಚೂರು ಧಾನ್ಯ

ಅಳತೆ ಸಮೇತ ಬರೆದದ್ದು ಒಳ್ಳೆಯದಾಯಿತು. ನಿಮ್ಮ ಮೂರು ಐಟಂಗೂ ಮೂರು ಬೇರೆ ಕಾರಣ. ಅದರಲ್ಲಿ ಶುದ್ಧ ಶಾಖದ ಪೆಟ್ಟು ಬಿದ್ದಿರುವುದು ಟೋಸ್ಟಿಗೆ ಮಾತ್ರ.

ಮೊದಲು ಬಣ್ಣ ಎಲ್ಲಿದೆ ನೋಡಿ. ನೇರಳೆ ಗೋಧಿಯಲ್ಲಿ ಅದು ಕಾಳಿನ ಹೊರಸಿಪ್ಪೆಯಲ್ಲಿದೆ; ಆ ಗುಣ ಇಥಿಯೋಪಿಯಾ ಕಡೆಯ ಗೋಧಿಯಿಂದ ಬಂದದ್ದು. ನೀಲಿ ಗೋಧಿಯಲ್ಲಿ ಸಿಪ್ಪೆಯ ಕೆಳಗಿನ ಅಲ್ಯೂರೋನ್ ಪದರದಲ್ಲಿದೆ. ಅದು ಗೋಧಿಯ ದಾಯಾದಿಯಾದ ಒಂದು ಕಾಡುಹುಲ್ಲಿನ ಕೊಡುಗೆ. ಎರಡೂ ಒಂದೇ ಕಾಳಿನಲ್ಲಿ ಸೇರಿದರೆ ಕಪ್ಪು. ಮೊಹಾಲಿಯ ನಾಬಿ (ರಾಷ್ಟ್ರೀಯ ಕೃಷಿ-ಆಹಾರ ಜೈವಿಕ ತಂತ್ರಜ್ಞಾನ ಸಂಸ್ಥೆ) ಸಂಸ್ಥೆಯವರು ನಮ್ಮ ದೇಶಕ್ಕೆ ತಂದ ತಳಿಗಳು ಸಾಂಪ್ರದಾಯಿಕ ಸಂಕರದಿಂದಲೇ ಆದವು, ಕುಲಾಂತರಿ ಅಲ್ಲ. ಬಣ್ಣದ ವಸ್ತು ಆಂಥೋಸಯನಿನ್. ನೇರಳೆಯಲ್ಲಿ ಹೆಚ್ಚಾಗಿ ಸಯಾನಿಡಿನ್ ಜಾತಿ, ನೀಲಿಯಲ್ಲಿ ಡೆಲ್ಫಿನಿಡಿನ್ ಜಾತಿ. ಜಂಬುನೇರಳೆ ಹಣ್ಣಿಗೆ ನೇರಳೆ ಬಣ್ಣ ಬರುವುದೂ ಇದೇ ಬಗೆಯ ವಸ್ತುವಿನಿಂದ.

ಈ ವಸ್ತುವಿನ ಸ್ವಭಾವ ಏನೆಂದರೆ, ಹುಳಿ-ಕ್ಷಾರ ನೋಡಿ ಬಣ್ಣ ಬದಲಿಸುತ್ತದೆ. ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ; 7 ನಡುಮಟ್ಟ, ಇಳಿದಷ್ಟು ಹುಳಿ, ಏರಿದಷ್ಟು ಕ್ಷಾರ. ಪಿಎಚ್ 3ರ ಕೆಳಗೆ ಕೆಂಪು. 4ರಿಂದ 6ರ ನಡುವೆ ಬಹುಪಾಲು ಬಣ್ಣವಿಲ್ಲದ ರೂಪಕ್ಕೆ ಹೋಗುತ್ತದೆ, ಪೇಲವ. 7ರ ಆಸುಪಾಸು ನೇರಳೆ-ನೀಲಿ. 8 ದಾಟಿದರೆ ಹಸಿರು, ಆಮೇಲೆ ಹಳದಿ. ಈಸ್ಟ್ ಹಾಕಿದ ಹಿಟ್ಟು ಸಾಮಾನ್ಯವಾಗಿ 5.3ರಿಂದ 5.8. ನಿಮ್ಮ ಬನ್ನು ಬೂದು ನೇರಳೆ ಕಾಣುವುದು ಅದಕ್ಕೇ, ವಸ್ತು ಒಳಗಿದೆ, ಮೈದುಂಬಿ ಕಾಣುತ್ತಿಲ್ಲ ಅಷ್ಟೆ. ಬಿಸ್ಕೀಟಿನಲ್ಲಿ ಕೆಜಿಗೆ 8 ಗ್ರಾಂ ಸೋಡಾ, ಅದನ್ನು ತಿನ್ನಲು ಹುಳಿ ಎಂಬುದೇ ಇಲ್ಲ. ಹಸಿರಾಗದೆ ಇನ್ನೇನಾಗಬೇಕು?

ಹಾಗಾಗಿ ಎರಡು ಖಾತೆ ಬೇರೆ ಬೇರೆ ಇಡಿ. ಕಣ್ಣಿಗೆ ಕಾಣುವ ಬಣ್ಣ ಒಂದು, ಒಳಗೆ ಉಳಿದ ವಸ್ತು ಇನ್ನೊಂದು. ಬಣ್ಣ ಚೆನ್ನಾಗಿ ಕಂಡು ವಸ್ತು ಸಾಯುತ್ತಿರಬಹುದು, ಬಣ್ಣ ಮಂಕಾಗಿ ವಸ್ತು ಉಳಿದಿರಲೂಬಹುದು.

ಬಳ್ಳಾರಿ ಭಟ್ಟಿ

ಇದನ್ನ ತಿಳ್ಕೊಳ್ಳಾಕ ಸುಲಭದ ದಾರಿ ಐತೆ. ಬಿಸ್ಕೀಟು ಮುರೀರಿ, ಮುರಿದ ಮಗ್ಗುಲಿಗೆ ನಿಂಬಿರಸ ಎರಡು ಹನಿ ಬಿಡ್ರಿ, ಒಂದು ನಿಮಿಷ ಬಿಟ್ಟು ನೋಡ್ರಿ. ಹನಿ ಬಿದ್ದ ಜಾಗ ಗುಲಾಬಿಗೆ ತಿರುಗಿದ್ರೆ ವಸ್ತು ಇನ್ನೂ ಜೀವಂತ ಐತೆ, ಸೋಡಾ ಅದನ್ನ ಮುಚ್ಚಿತ್ತು ಅಂತ ಅರ್ಥ. ಏನೂ ಆಗದೆ ಕಂದೇ ಉಳೀತು ಅಂದ್ರೆ ಸುಟ್ಟೋಯ್ತು, ಅದನ್ನ ಯಾವ ಹುಳಿನೂ ತಿರುಗಿ ತರಾಕಿಲ್ಲ. ಮ್ಯಾಲಿನ ಕೆಂಪಾದ ಪದರದ ಮ್ಯಾಲೆ ಹನಿ ಬಿಡಬ್ಯಾಡ್ರಿ, ಅಲ್ಲಿ ಕಾವಿಗೆ ಕೆಂಪಾದ ಬಣ್ಣ ದಾರಿ ತಪ್ಪಿಸ್ತದೆ. ಒಳಗಿನ ಮೆತ್ತನ ಭಾಗಾನೇ ನೋಡ್ಬೇಕು.

ಶಾಖದ ಬಗ್ಗೆ ಒಂದು ಮಾತು. ಬನ್ನಿಗೆ 210 ಜಾಸ್ತಿ ಅನಸ್ತದೆ. 170ಕ್ಕೆ ಇಳಿಸಿ 22 ನಿಮಿಷ ಇಟ್ರೆ ಬಣ್ಣ ಉಳೀತದೆ ಅಂತ ನನ್ನ ಅಭಿಪ್ರಾಯ.

ರಾಯಚೂರು ಧಾನ್ಯ

ಭಟ್ಟಿ ಅಣ್ಣ, ನಿಂಬೆಹನಿ ಪರೀಕ್ಷೆ ಸರಿ. ಒಂದು ಸೇರಿಸುತ್ತೇನೆ: ಸೋಡಾದ ಜೊತೆ ಭಟ್ಟಿಯ ಕಾವೂ ಸೇರಿದರೆ ಕ್ಷಾರದಲ್ಲಿ ಆ ಅಣು ಒಡೆದೇ ಹೋಗುತ್ತದೆ. ಹಸಿ ಹಿಟ್ಟಿನಲ್ಲಿ ಹನಿ ಬಿಟ್ಟಾಗ ಬರುವಷ್ಟು ಗುಲಾಬಿ ಬೆಂದ ಬಿಸ್ಕೀಟಿನಲ್ಲಿ ಬರುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎಷ್ಟು ಹೋಯಿತೆಂದು ಅಂದಾಜಾಗುತ್ತದೆ.

170ರ ಮಾತು ಒಪ್ಪಲಾರೆ. ಬನ್ನಿನ ಒಳಭಾಗದಲ್ಲಿ ನೀರು ಇರುವತನಕ ಅದು 100 ಡಿಗ್ರಿ ದಾಟುವುದಿಲ್ಲ, ಭಟ್ಟಿ 170 ಇರಲಿ 220 ಇರಲಿ. ಬೇಯುವುದು ಅಂದರೆ ನಡುಭಾಗ 94-96ಕ್ಕೆ ಬರುವುದು. ಹಾಗಿದ್ದ ಮೇಲೆ ಒಳಗಿನ ಬಣ್ಣಕ್ಕೆ ಲೆಕ್ಕ ಬರುವುದು 80-96ರ ನಡುವೆ ಎಷ್ಟು ನಿಮಿಷ ಕಳೆಯಿತು ಎಂಬುದು. ಕಡಿಮೆ ಶಾಖ, ಹೆಚ್ಚು ಹೊತ್ತು ಅಂದರೆ ಆ ನಿಮಿಷಗಳು ಹೆಚ್ಚಿದಂತೆ, ಜೊತೆಗೆ ಮೇಲ್ಪದರವೂ ದಪ್ಪವಾಗುತ್ತದೆ. ಬನ್ನಿಗೆ ಬಿಸಿ ಭಟ್ಟಿ, ಕಡಿಮೆ ಹೊತ್ತು, ಇದೇ ಮೇಲು. 13 ನಿಮಿಷ ಸರಿಯಾಗಿದೆ. 400 ಗ್ರಾಂ ಬ್ರೆಡ್ಡಿಗೆ 200 ಡಿಗ್ರಿಗೆ 28-30 ನಿಮಿಷ ಬೇಕಾಗುತ್ತದೆ, ಅಂದರೆ ಅದೇ ಹಿಟ್ಟು ಬ್ರೆಡ್ಡಾದರೆ ಬನ್ನಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಕಪ್ಪು ಗೋಧಿಯಲ್ಲಿ ಸಣ್ಣ ಉಂಡೆಗೇ ಲಾಭ.

ಬಳ್ಳಾರಿ ಭಟ್ಟಿ

ಆ ಲೆಕ್ಕ ಒಪ್ಪಿದೆ, ಬನ್ನಿಗೆ ಮಾತ್ರ. ಆದ್ರೆ ಭಟ್ಟಿ ಮುಂದ ನಿಂತವಂಗೆ ಇನ್ನೊಂದು ಕಷ್ಟ ಐತೆ. ಮೈದಾ ಬನ್ನು ಕೆಂಪಾದ್ರೆ ಕಾಣ್ತದೆ, ತೆಗೀತೀವಿ. ಕಪ್ಪು ಹಿಟ್ಟು ಮೊದ್ಲೇ ಕಪ್ಪು, ಕೆಂಪಾಗೋದು ಕಾಣಾಕಿಲ್ಲ. "ಇನ್ನೂ ಆಗಿಲ್ಲ" ಅಂತ ಹುಡುಗರು ಮೂರ್ನಾಕು ನಿಮಿಷ ಜಾಸ್ತಿ ಬಿಡ್ತಾರೆ. ಬಣ್ಣ ಹೋಗೋದು ಅಲ್ಲೇ. ಕಣ್ಣು ನಂಬಬ್ಯಾಡ್ರಿ, ಚುಚ್ಚೋ ಥರ್ಮಾಮೀಟರ್ ತಗೊಳ್ರಿ, ನಡುಕ 95 ಬಂತಂದ್ರೆ ಹೊರಗ. ಅದಿಲ್ಲಂದ್ರೆ ಅದೇ ಟ್ರೇದಾಗ ಒಂದು ಮೈದಾ ಉಂಡಿ ಅಷ್ಟೇ ತೂಕದ್ದು ಇಡ್ರಿ, ಅದು ಹೊಂಬಣ್ಣಕ್ಕೆ ಬಂದಾಗ ಎಲ್ಲಾ ತೆಗೀರಿ.

ತೆಗೆದ ಮ್ಯಾಲೆ ಟ್ರೇದಾಗೇ ಒಂದರ ಮ್ಯಾಲೊಂದು ಪೇರಿಸಿದ್ರೆ ಒಳಗಿನ ಕಾವು ಭಾಳ ಹೊತ್ತು ಇಳಿಯಾಕಿಲ್ಲ. ಜಾಲರಿ ಮ್ಯಾಲೆ ಬಿಡಿಬಿಡಿ ಹರವಿ ಫ್ಯಾನ್ ಹಾಕ್ರಿ.

ಗಂಗಾವತಿ ಬೇಕರಿ

ಮೈದಾ ಉಂಡಿ ಇಡೂದು ನಾಳಿಂದನೇ ಸುರು. ಬಿಸ್ಕೀಟಿಗೆ ಸೋಡಾ ಬಿಟ್ರ ಗಟ್ಟಿ ಆಗ್ತಾವಲ್ರಿ, ಅದಕ್ಕೇನ್ ಮಾಡೂದು?

ರಾಯಚೂರು ಧಾನ್ಯ

ಸೋಡಾ ಬಿಡಬೇಡಿ, ಅದಕ್ಕೆ ಜೋಡಿ ಹುಡುಕಿ. ಲೆಕ್ಕ ಸುಲಭ: 4 ಗ್ರಾಂ ಸೋಡಾಕ್ಕೆ 3 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿದರೆ ಒಂದನ್ನೊಂದು ಸರಿಸಮ ತಿಂದುಹಾಕುತ್ತವೆ. ನೀವು ಸೋಡಾವನ್ನು 8ರಿಂದ 4ಕ್ಕೆ ಇಳಿಸಿ, ನಿಂಬೆ ಉಪ್ಪು 3.5 ಗ್ರಾಂ ಹಾಕಿ, ಅಂದರೆ ಕೊನೆಗೆ ಹುಳಿಯ ಕಡೆಗೇ ತುಸು ವಾಲಿರುತ್ತದೆ. ನಿಂಬೆ ಉಪ್ಪನ್ನು ನುಣ್ಣಗೆ ಪುಡಿಮಾಡಿ ಸಕ್ಕರೆ ಪುಡಿಯಲ್ಲಿ ಬೆರೆಸಿ, ಸೋಡಾವನ್ನು ಹಿಟ್ಟಿನಲ್ಲಿ ಜರಡಿ ಹಿಡಿಯಿರಿ. ಹಾಲು ಬಿದ್ದ ಗಳಿಗೆಯಿಂದ ಗಾಳಿ ಹೊರಡಲು ಶುರು. ಕಲಸಿ, ಕೊಯ್ದು, 20 ನಿಮಿಷದೊಳಗೆ ಭಟ್ಟಿಗೆ ಹೋಗಬೇಕು, ತಡವಾದರೆ ಉಬ್ಬುವುದಿಲ್ಲ. ಇನ್ನೊಂದು ವ್ಯತ್ಯಾಸಕ್ಕೂ ತಯಾರಾಗಿರಿ: ಸೋಡಾ ಇಳಿದರೆ ಬಿಸ್ಕೀಟು ಟ್ರೇಯಲ್ಲಿ ಅಷ್ಟು ಹರಡುವುದಿಲ್ಲ, ಕೆಂಪಾಗುವುದೂ ಕಡಿಮೆ. ಕ್ಷಾರವೇ ಅದೆರಡನ್ನೂ ಮಾಡಿಸುತ್ತಿದ್ದದ್ದು. ಹಾಗಾಗಿ ಮೊದಲೇ ತುಸು ತೆಳ್ಳಗೆ, 4 ಮಿ.ಮೀ.ಗೆ ಲಟ್ಟಿಸಿ.

ನಿಂಬೆ ಉಪ್ಪು ಬೇಡವೆಂದರೆ ಸೋಡಾ ಪೂರ್ತಿ ಬಿಟ್ಟು, ವನಸ್ಪತಿ-ಸಕ್ಕರೆಯನ್ನು 8-10 ನಿಮಿಷ ಬೆಳ್ಳಗಾಗುವಂತೆ ತಿರುವಿ ನಾನ್‌ಖಟಾಯಿ ಥರ ಮಾಡಬಹುದು. ಅದರಲ್ಲಿ ಕಟ್ಟಿದ ಗಾಳಿಯೇ ಮೆತ್ತಗೆ ಮಾಡುತ್ತದೆ. ನನ್ನನ್ನು ಕೇಳಿದರೆ ಕಪ್ಪು ಗೋಧಿಗೆ ಇದೇ ಸರಿಯಾದ ಬಿಸ್ಕೀಟು.

ಬಳ್ಳಾರಿ ಭಟ್ಟಿ

ಸೋಡಾ ಬದ್ಲು ಬೇಕರಿ ಅಮೋನಿಯಾ (ಅಮೋನಿಯಂ ಬೈಕಾರ್ಬೊನೇಟ್ ಪುಡಿ) ಹಾಕೋರು ಇದಾರೆ. ಅದೂ ಕ್ಷಾರಾನೇ, ಆದ್ರೆ ತೆಳ್ಳನ ಬಿಸ್ಕೀಟಿನಾಗ ಕಾವಿಗೆ ಪೂರಾ ಹಾರಿಹೋಗ್ತದೆ, ಸೋಡಾದಂಗೆ ಹಿಂದೆ ಉಳಿಯಾಕಿಲ್ಲ. ಹಿಟ್ಟು ಕಲಸಿದಾಗ ಹಸಿರು ಕಂಡ್ರೂ ಬೆಂದ ಮ್ಯಾಲೆ ಅಷ್ಟು ಹಸಿರಿರಾಕಿಲ್ಲ. ಬನ್ನಿಗೆ, ದಪ್ಪ ಕೇಕಿಗೆ ಮಾತ್ರ ಹಾಕಬ್ಯಾಡ್ರಿ, ನಾತ ಒಳಗೇ ಉಳೀತದೆ.

ಲಿಂಗಸುಗೂರು ಅಡಿಗಿಮನಿ

ಬೋರಿನ ನೀರಿನ ಮಾತಿಗೆ ಯಾರೂ ಉತ್ತರ ಹೇಳಿಲ್ರಿ. ನಮ್ಮ ಕಡಿ ನೀರು ಭಾಳ ಗಡಸು, ಬೇಳಿನೂ ಬೇಯಂಗಿಲ್ಲ. ಕಪ್ಪು ಗೋಧಿ ಹುಗ್ಗಿ ಮಾಡಿದ್ರ ನೀರೆಲ್ಲ ನೀಲಿ-ಹಸಿರು ಆಗ್ತದ. ಬ್ರೆಡ್ಡಿಗೂ ಅದೇ ನೀರು ಹಾಕಿದ್ರ ಹಂಗೇ ಆಗಬೇಕಲ್ಲ, ಯಾಕ ಆಗಂಗಿಲ್ಲ?

ರಾಯಚೂರು ಧಾನ್ಯ

ಅಕ್ಕ, ಲೆಕ್ಕ ಹಾಕಿದರೆ ಉತ್ತರ ತಾನಾಗಿ ಸಿಗುತ್ತದೆ. ನೀರಿನ ಕ್ಷಾರತೆ ಲೀಟರಿಗೆ 300 ಮಿಲಿಗ್ರಾಂ ಇದೆ ಅನ್ನಿ. ನೀರಿನ ಪರೀಕ್ಷೆಯ ವರದಿಯಲ್ಲಿ ಇದು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಇರುತ್ತದೆ. ಅದು ಲೀಟರಿಗೆ ಅರ್ಧ ಗ್ರಾಂ ಸೋಡಾ ಹಾಕಿದ್ದಕ್ಕೆ ಸಮ. ಒಂದು ಕೆಜಿ ಹಿಟ್ಟಿಗೆ 650 ಮಿಲಿ ನೀರು, ಅಂದರೆ 0.33 ಗ್ರಾಂ ಸೋಡಾ. ಹಿಟ್ಟು ತನ್ನ ಹುಳಿಯಲ್ಲೇ ಅದನ್ನು ನುಂಗಿಕೊಳ್ಳುತ್ತದೆ, ಈಸ್ಟ್ ಇದ್ದರಂತೂ ಇನ್ನೂ ಸುಲಭ. ಗಂಗಾವತಿಯವರ ಬಿಸ್ಕೀಟಿನ 8 ಗ್ರಾಂ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಹುಗ್ಗಿಯಲ್ಲಿ ಗೋಧಿಯ ನಾಲ್ಕೈದು ಪಟ್ಟು ನೀರು, ಅದೂ ಗಂಟೆಗಟ್ಟಲೆ ಕುದಿ. ಕುದಿದಾಗ ನೀರಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಪಿಎಚ್ ಮತ್ತೂ ಏರುತ್ತದೆ. ಬಣ್ಣವೂ ಕಾಳಿನಿಂದ ನೀರಿಗೆ ಇಳಿಯುತ್ತದೆ. ಹುಗ್ಗಿಗೆ ಫಿಲ್ಟರ್ ನೀರು ಬಳಸಿ, ಕಾಳು ನೆನೆಸಿದ ನೀರು ಚೆಲ್ಲದೆ ಅದರಲ್ಲೇ ಬೇಯಿಸಿ. ಬೇಗ ಬೇಯಲಿ ಎಂದು ಚಿಟಿಕೆ ಸೋಡಾ ಹಾಕುವ ಅಭ್ಯಾಸವಿದ್ದರೆ ಕಪ್ಪು ಗೋಧಿಗೆ ಅದನ್ನು ಬಿಡಿ.

ಲಿಂಗಸುಗೂರು ಅಡಿಗಿಮನಿ

ತಿಳೀತ್ರಿ. ಬೆಲ್ಲ ಹಾಕಿದ ಕೂಡ್ಲೆ ಬಣ್ಣ ಇನ್ನೂ ಮಂಕಾಗ್ತದ, ಅದು ಬೆಲ್ಲದ ಕಂದು ಬಣ್ಣದಿಂದ ಏನ್ರಿ?

ಕುಷ್ಟಗಿ ಗಿರಣಿ

ಬೆಲ್ಲ ಯಾವುದು ಹಾಕೀರಿ ನೋಡ್ರಿ ಅಕ್ಕ. ಕರಿ ಬೆಲ್ಲ ಇದ್ರ ಬರೀ ಕಂದು ಮುಸುಕು ಅಷ್ಟೆ. ಬಂಗಾರದಂಗ ಹಳದಿ ಹೊಳಿಯೂ ಬೆಲ್ಲ ಇದ್ರ ಅದಕ್ಕ ಹೈಡ್ರೋಸ್ ಹಾಕಿರೂದೇ ಹೆಚ್ಚು. ಬೆಲ್ಲ ಬೆಳ್ಳಗ ಮಾಡೂ ಆ ಗಂಧಕದ ಔಷಧ ಕಪ್ಪು ಗೋಧಿ ಬಣ್ಣಾನೂ ಬೆಳ್ಳಗ ಮಾಡ್ತೈತಿ.

ರಾಯಚೂರು ಧಾನ್ಯ

ಗಿರಣಿ ಅಣ್ಣ ಒಳ್ಳೆ ಜಾಗಕ್ಕೆ ಕೈ ಇಟ್ಟರು. ಸಲ್ಫೈಟ್ ಜಾತಿಯ ಯಾವುದೇ ವಸ್ತು ಆಂಥೋಸಯನಿನ್ ಅಣುವಿಗೆ ನೇರ ಅಂಟಿಕೊಂಡು ಬಣ್ಣ ತೆಗೆಯುತ್ತದೆ, ಶಾಖವೇ ಬೇಡ. ಬೇಕರಿಯವರು ಇದನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು: ಬಿಸ್ಕೀಟಿನ ಹಿಟ್ಟು ಮೆತ್ತಗಾಗಲಿ ಎಂದು ಹಾಕುವ ಪುಡಿಗಳಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಇರುವುದುಂಟು. ಪ್ಯಾಕೆಟ್ ಮೇಲೆ ಇ 223 ಎಂದಿದ್ದರೆ ಅದೇ. ಬ್ರೆಡ್ ಇಂಪ್ರೂವರ್‌ನಲ್ಲಿ ಆಸ್ಕಾರ್ಬಿಕ್ ಆಮ್ಲ, ಇ 300, ಇರುತ್ತದೆ. ಹುಳಿ ಅಲ್ಲವೇ, ಒಳ್ಳೆಯದೇ ಆಯಿತು ಅನ್ನಿಸಬಹುದು. ಆದರೆ ಗಾಳಿಯ ಜೊತೆ ಸೇರಿದಾಗ ಅದು ಆಂಥೋಸಯನಿನ್ ಕೆಡುವುದನ್ನು ಬೇಗಗೊಳಿಸುತ್ತದೆ. ಬಣ್ಣದ ಗೋಧಿಗೆ ನಿಂಬೆ ಉಪ್ಪು ಬೇರೆ, ವಿಟಮಿನ್ ಸಿ ಬೇರೆ.

ಸಿಂಧನೂರು ಹಂಚು

ನಿಮ್ಮ ಭಟ್ಟಿ ಲೆಕ್ಕ ಎಲ್ಲಾ ಸರಿ ಅದ. ಚಪಾತಿಗೆ ಏನು? ಹಂಚು 230ರ ಮ್ಯಾಲೇ ಇರ್ತದ, ಆದ್ರ ಚಪಾತಿ ಅದರ ಮ್ಯಾಲೆ ಇರೂದು ಒಂದು ಒಂದೂವರೆ ನಿಮಿಷ. ಧಾನ್ಯ ಸರ್ ಹೇಳಿದ ಲೆಕ್ಕದಾಗ ಇದೇ ಎಲ್ಲಕ್ಕಿಂತ ಕಡಿಮಿ ಹೊತ್ತು. ಕಪ್ಪು ಗೋಧಿ ತಿನ್ನೋ ಉದ್ದೇಶ ಬಣ್ಣದ ವಸ್ತು ಹೊಟ್ಟಿಗೆ ಹೋಗಬೇಕು ಅಂತ ಇದ್ರ ಬೇಕರಿಗಿಂತ ಹಂಚೇ ಮೇಲು, ಬೇಕರಿಯವರು ಸಿಟ್ಟಾಗಬ್ಯಾಡ್ರಿ.

ಕೆಡೂದು ಕಣಕ ಕಲಸಿ ಇಟ್ಟಾಗ. ತೌಡಿನಾಗ ಇರೂ ಕಿಣ್ವ ಗಾಳಿ ಹತ್ತಿದ ಕೂಡ್ಲೆ ಕಣಕ ಕಂದು ಮಾಡ್ತದ. ಸಾದಾ ಗೋಧಿ ಕಣಕ ರಾತ್ರಿ ಇಟ್ರ ಬೆಳಿಗ್ಗಿ ಮ್ಯಾಲೆ ಕಪ್ಪಾಗಿರ್ತದಲ್ಲ, ಅದೇ. ಏಪ್ರಿಲ್-ಮೇದಾಗ ನಮ್ಮ ಕಡಿ 40 ಡಿಗ್ರಿ ದಾಟಿದಾಗ ಕಣಕ ಎರಡು ತಾಸಿಗೇ ತಿರುಗ್ತದ. ಕೆಜಿಗೆ ಎರಡು ಚಮಚ ಮೊಸರು ಹಾಕಿ ಕಲಸ್ರಿ, ಮ್ಯಾಲೆ ಎಣ್ಣಿ ಸವರಿ, ಮುಚ್ಚಳದ ಡಬ್ಬಿದಾಗ ಒತ್ತಿ ತುಂಬಿ ಫ್ರಿಜ್ಜಿಗೆ ಇಡ್ರಿ. ನೀರು ಸಾದಾ ಗೋಧಿಗಿಂತ ತುಸು ಜಾಸ್ತಿ ಹಿಡೀತದ, ಕಲಸಿ ಅರ್ಧ ತಾಸು ನೆನೀಲಿಕ್ಕೆ ಬಿಡ್ರಿ. ಇಲ್ಲಂದ್ರ ಅಂಚು ಸೀಳ್ತದ.

ಲಿಂಗಸುಗೂರು ಅಡಿಗಿಮನಿ

ಕಬ್ಬಿಣದ ಹಂಚಿಗೆ ಬಣ್ಣ ತಿರುಗಂಗಿಲ್ಲ ಏನ್ರಿ ಅಣ್ಣ?

ಸಿಂಧನೂರು ಹಂಚು

ಚಪಾತಿಗೆ ಇಲ್ಲಕ್ಕಾ. ಒಣ ಮೈ, ಒಂದು ನಿಮಿಷದ ಮಾತು. ಆದ್ರ ಹುಳಿ ಹಿಟ್ಟನ್ನ ಕಬ್ಬಿಣದ ಬಾಣಲಿದಾಗ, ಪಳಗದ ತಗಡಿನ ಅಚ್ಚಿನಾಗ ತಾಸುಗಟ್ಟಲೆ ಇಟ್ರ ತಳದಾಗ ಶಾಯಿ ಚೆಲ್ಲಿದಂಗ ನೀಲಿ-ಕಪ್ಪು ಕಲೆ ಬೀಳ್ತಾವ. ಕಬ್ಬಿಣಕ್ಕೂ ಆ ಬಣ್ಣಕ್ಕೂ ನಂಟು ಬೀಳ್ತದ. ಅಲ್ಯೂಮಿನಿಯಂ ಹಾಳಿಗೂ ತುಸು ಹಂಗೇ. ಸ್ಟೀಲ್ ಪಾತ್ರಿದಾಗ ಹಿಟ್ಟು ಏರಿಸ್ರಿ, ಅಚ್ಚಿಗೆ ಬೆಣ್ಣೆ ಕಾಗದ ಹಾಕ್ರಿ.

ಕುಷ್ಟಗಿ ಗಿರಣಿ

ಎಲ್ಲಾರೂ ಭಟ್ಟಿ ಹಿಂದ ಬಿದ್ದೀರಿ. ಅರ್ಧ ಬಣ್ಣ ಜರಡಿದಾಗೇ ಹೋಗಿರ್ತೈತಿ, ಅದನ್ನ ಯಾರೂ ಕೇಳವಲ್ರು. ಕಾಳಿನಾಗ ತೌಡು ನೂರಕ್ಕ ಸುಮಾರು 14-15 ಪಾಲು. ನೇರಳೆನೂ ಅಲ್ಲೇ, ನೀಲಿನೂ ಬೀಸಿದಾಗ ತೌಡಿನ ಜೋಡಿನೇ ಹೋಗ್ತೈತಿ. ಮೈದಾ ಜರಡಿ ಹಿಡಿದ್ರ ಉಳಿಯೂದು ಬೂದಿ ಮಿಶ್ರಿತ ಬಿಳಿ ಹಿಟ್ಟು, ಅದನ್ನ ಕಪ್ಪು ಗೋಧಿ ಮೈದಾ ಅಂತ ಮಾರತಾರ. ತೌಡು ತೆಗೀಲೇಬೇಕು ಅಂದ್ರ ಅದನ್ನ ಚೆಲ್ಲಬ್ಯಾಡ್ರಿ, ಇನ್ನೊಮ್ಮೆ ಸಣ್ಣಗ ಬೀಸಿ, ಅರ್ಧ ತಾಸು ಮಜ್ಜಿಗಿದಾಗ ನೆನಸಿ ಹಿಟ್ಟಿಗೆ ಸೇರಸ್ರಿ. ದಪ್ಪ ತೌಡು ಒಣದು ಹಾಕಿದ್ರ ಹಿಟ್ಟಿನ ಜಿಗಿ ಕೊಯ್ದು ಬನ್ನು ಕುಂತುಬಿಡ್ತೈತಿ.

ಕಲ್ಲಿನ ಗಿರಣಿದಾಗ ಬಿಗಿ ಹಿಡಿದು ಒಮ್ಮೆಲೇ ಸಣ್ಣಗ ಬೀಸಿದ್ರ ಹಿಟ್ಟು ಕೈ ಇಡಾಕ ಬರದಷ್ಟು ಸುಡ್ತೈತಿ. ಎರಡು ಸುತ್ತು ಬೀಸ್ರಿ, ಮೊದಲು ರವಾ, ಆಮ್ಯಾಲೆ ಹಿಟ್ಟು. ಬಿಸಿ ಹಿಟ್ಟನ್ನ ಚೀಲಕ್ಕೆ ತುಂಬದೆ ಹರವಿ ಆರಸ್ರಿ. ಬೀಸೂ ಕಾವಿಗೆ ಬಣ್ಣ ಹೋಗೂದು ಸ್ವಲ್ಪೇ, ಅಂಜಬ್ಯಾಡ್ರಿ. ಜರಡಿಗೆ ಅಂಜ್ರಿ.

ಕಾಳು ಕೊಳ್ಳಾಗ ಇನ್ನೊಂದು: ಬಣ್ಣ ಹಾಕಿದ ಸಾದಾ ಗೋಧಿನೂ ಬರ್ತೈತಿ. ಹತ್ತು ಕಾಳು ತಣ್ಣೀರಿಗೆ ಹಾಕ್ರಿ. ಹಾಕಿದ ಕೂಡ್ಲೆ ನೀರು ದಟ್ಟ ಆದ್ರ ಸಂಶಯ. ಖರೇ ಕಾಳು ನಿಧಾನಕ್ಕ ಬಿಡ್ತೈತಿ. ಆ ನೀರು ಎರಡು ಲೋಟಕ್ಕ ಹಾಕಿ ಒಂದಕ್ಕ ನಿಂಬಿರಸ, ಒಂದಕ್ಕ ಸೋಡಾ. ಒಂದು ಗುಲಾಬಿ, ಇನ್ನೊಂದು ಹಸಿರು ಆದ್ರ ಗೋಧಿ ಬಣ್ಣ. ಎರಡೂ ಇದ್ದಂಗೇ ಇದ್ರ ಅಂಗಡಿ ಬಣ್ಣ.

ಗಂಗಾವತಿ ಬೇಕರಿ

ಟೋಸ್ಟಿಗೆ ಏನಾದ್ರೂ ದಾರಿ ಐತೇನ್ರಿ?

ರಾಯಚೂರು ಧಾನ್ಯ

ನೇರವಾಗಿ ಹೇಳುತ್ತೇನೆ: ಟೋಸ್ಟಿಗೆ ಕಪ್ಪು ಗೋಧಿ ಹಾಕುವುದು ದುಡ್ಡು ದಂಡ. ಒಮ್ಮೆ ಬ್ರೆಡ್ಡಾಗಿ ಬೆಂದದ್ದು, ಆಮೇಲೆ 50 ನಿಮಿಷ ಮತ್ತೆ ಕಾವು. ನೀರು ಪೂರ್ತಿ ಹೋದ ಮೇಲೆ ಹೋಳಿನ ಒಳಗೂ ಶಾಖ 100 ದಾಟುತ್ತದೆ, ಸಕ್ಕರೆ ಮತ್ತು ಪ್ರೋಟೀನ್ ಸೇರಿ ಕಂದು ಬಣ್ಣ ಕಟ್ಟುತ್ತದೆ. ಸಕ್ಕರೆ ಒಡೆದು ಹುಟ್ಟುವ ವಸ್ತುಗಳು ಆಂಥೋಸಯನಿನ್ ಅನ್ನು ಇನ್ನಷ್ಟು ಬೇಗ ಕೆಡಿಸುತ್ತವೆ. ಮಾಡಲೇಬೇಕೆಂದರೆ ಸಕ್ಕರೆ 60ರಿಂದ 20ಕ್ಕೆ ಇಳಿಸಿ, ಹೋಳು 8 ಮಿ.ಮೀ. ಮಾಡಿ, ಮೊದಲು ರಾತ್ರಿಯಿಡೀ ಫ್ಯಾನ್ ಗಾಳಿಗೆ ಒಣಗಿಸಿ, ಆಮೇಲೆ 110 ಡಿಗ್ರಿಗೆ ಗರಿಗರಿಯಾಗುವಷ್ಟೇ ಹೊತ್ತು ಇಡಿ. ಆಗಲೂ ನೇರಳೆ ನಿರೀಕ್ಷಿಸಬೇಡಿ. ನಾರು, ಗಟ್ಟಿ ಬಂಧದಲ್ಲಿರುವ ಫೆರುಲಿಕ್ ಆಮ್ಲದಂಥವು ಉಳಿಯುತ್ತವೆ, ಆದರೆ ಅವು ಸಾದಾ ಗೋಧಿ ತೌಡಿನಲ್ಲೂ ಇವೆ.

ಬನ್ನಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. 600 ಗ್ರಾಂ ಕಪ್ಪು ಹಿಟ್ಟಿನಲ್ಲಿ 200 ಗ್ರಾಂ ತೆಗೆದು, 200 ಮಿಲಿ ನೀರು ಮತ್ತು ಒಂದು ಚಮಚ ಹುಳಿ ಮೊಸರು ಹಾಕಿ ಮುಚ್ಚಿಡಿ. ಚಳಿಗಾಲದಲ್ಲಿ ರಾತ್ರಿಯಿಡೀ, ನಮ್ಮ ಬೇಸಿಗೆಯಲ್ಲಿ ಐದಾರು ಗಂಟೆ ಸಾಕು. ಹುಳಿ ವಾಸನೆ ಬಂದು ಸಣ್ಣ ಗುಳ್ಳೆ ಎದ್ದಾಗ ಉಳಿದದ್ದಕ್ಕೆ ಸೇರಿಸಿ, ನೀರು 640ರಲ್ಲಿ 200 ಕಳೆಯಿರಿ. ಬೂದು ಹೋಗಿ ಕೆಂಪು ಛಾಯೆಯ ನೇರಳೆಗೆ ತಿರುಗುತ್ತದೆ. ಹುಳಿ ಅತಿಯಾದರೆ ಹಿಟ್ಟಿನ ಜಿಗಿ ಸಡಿಲಾಗಿ ಬನ್ನು ಚಪ್ಪಟೆಯಾಗುತ್ತದೆ. ಇದರ ಮೇಲೆ ನಿಂಬೆ ಉಪ್ಪು ಬೇರೆ ಹಾಕಬೇಡಿ. ಹುಳಿ ಹಿಟ್ಟು ಮಾಡಲು ಬಿಡುವಿಲ್ಲದ ದಿನ ಮಾತ್ರ ಕೆಜಿ ಹಿಟ್ಟಿಗೆ 2 ಗ್ರಾಂ ನಿಂಬೆ ಉಪ್ಪು, ಅದಕ್ಕಿಂತ ಹೆಚ್ಚಾದರೆ ಈಸ್ಟ್ ನಿಧಾನಿಸುತ್ತದೆ.

ಬಳ್ಳಾರಿ ಭಟ್ಟಿ

ಜವೆ ಗೋಧಿ (ಖಪ್ಲಿ) ಬ್ರೆಡ್ಡಿನ ಹಳದಿಗೂ ಇದೇ ಹುಳಿ ಲೆಕ್ಕಾನಾ ಸರ್?

ರಾಯಚೂರು ಧಾನ್ಯ

ಅಲ್ಲ. ಅದು ಲ್ಯೂಟೀನ್, ಎಣ್ಣೆಯಲ್ಲಿ ಕರಗುವ ಬಣ್ಣ, ಹುಳಿ-ಕ್ಷಾರಕ್ಕೆ ತಿರುಗುವುದಿಲ್ಲ. ಅದು ಹೆಚ್ಚಾಗಿ ಕಳೆಯುವುದು ಭಟ್ಟಿಗೆ ಹೋಗುವ ಮೊದಲೇ, ಮಿಕ್ಸರ್‌ನಲ್ಲಿ. ಗಾಳಿ ಸೇರಿಸಿ ಜೋರಾಗಿ ನಾದಿದಾಗ ಹಿಟ್ಟಿನ ಒಂದು ಕಿಣ್ವ ಅದನ್ನು ಬಿಳುಪಾಗಿಸುತ್ತದೆ, ಸೋಯಾ ಹಿಟ್ಟು ಬೆರೆಸಿದರೆ ಇನ್ನೂ ಬೇಗ. ಜವೆಗೆ ನಿಧಾನ ವೇಗ, ಕಡಿಮೆ ನಾದುವಿಕೆ.

ನಮ್ಮ ಜೋಳದ ಕಡೆಗೂ ಒಮ್ಮೆ ನೋಡಬೇಕು. ಕೆಂಪು, ಕಪ್ಪು ಜೋಳದ ಸಿಪ್ಪೆಯ ಬಣ್ಣ ಆಂಥೋಸಯನಿನ್ನಿನ ಹತ್ತಿರದ ಬಳಗದ್ದೇ, ಆದರೆ ಅಣುವಿನಲ್ಲಿ ಒಂದು ಆಮ್ಲಜನಕ ಪರಮಾಣು ಕಡಿಮೆ. ಆ ಕೊರತೆಯಿಂದಲೇ ಅದು ಶಾಖಕ್ಕೂ ಪಿಎಚ್‌ಗೂ ಗೋಧಿಯದಕ್ಕಿಂತ ಚೆನ್ನಾಗಿ ತಾಳುತ್ತದೆ. ಬಣ್ಣವೇ ಮುಖ್ಯ ಎನ್ನುವ ಬಿಸ್ಕೀಟಿಗೆ ಕಪ್ಪು ಜೋಳದ ತೌಡು ನೂರಕ್ಕೆ ಐದರಷ್ಟು ಬೆರೆಸಿ ನೋಡಬಹುದು. ಬಿಳಿ ಮಾಲ್ದಂಡಿ ಜೋಳದಲ್ಲಿ ಆ ಬಣ್ಣ ಸಿಗದು.

ಗಂಗಾವತಿ ಬೇಕರಿ

ಟೋಸ್ಟ್ ಬಂದ್ ಮಾಡ್ತೀನ್ರಿ. ಬನ್ನು, ನಾನ್‌ಖಟಾಯಿ ಎರಡೇ. ಪ್ಯಾಕೆಟ್ ಮ್ಯಾಲೆ "ಆಂಥೋಸಯನಿನ್ ಭರಪೂರ" ಅಂತ ಹಾಕಬಹುದೇನ್ರಿ?

ರಾಯಚೂರು ಧಾನ್ಯ

ಹಾಕಬೇಡಿ. ನಾಬಿಯವರ ಅಂಕಿ ಪ್ರಕಾರ ಬಣ್ಣದ ಗೋಧಿ ಕಾಳಿನಲ್ಲಿ 40ರಿಂದ 140 ಪಿಪಿಎಂ (ಕೆಜಿಗೆ ಅಷ್ಟು ಮಿಲಿಗ್ರಾಂ); ಕಪ್ಪು ಗೋಧಿಗೆ 140, ಅಂದರೆ 100 ಗ್ರಾಂಗೆ 14 ಮಿಲಿಗ್ರಾಂ. ನೀವು 400 ಗ್ರಾಂ ಮೈದಾ ಬೆರೆಸಿದಿರಿ, ಬೇಯಿಸಿದಿರಿ. ಉಳಿದದ್ದಕ್ಕೆ ಪ್ರಯೋಗಾಲಯದ ವರದಿ ಬೇಕು. ಬನ್ನಿನ ಪ್ಯಾಕೆಟ್ ಮೇಲೆ "ಬಳಸಿದ ಹಿಟ್ಟಿನಲ್ಲಿ ಕಪ್ಪು ಗೋಧಿ 60%" ಎಂದು ಬರೆಯಿರಿ, ಅದು ಸತ್ಯ.

ಮನೆಮಟ್ಟಿಗೆ ಹೋಲಿಸಲು ಹೀಗೆ ಮಾಡಿ: ನೀರು ಬಿಟ್ಟು ಉಳಿದೆಲ್ಲ ಬೆರೆಸಿದ ಹಸಿ ಹಿಟ್ಟು 5 ಗ್ರಾಂ ಒಂದು ಲೋಟಕ್ಕೆ, ಬನ್ನಿನ ಒಳಭಾಗ 7.5 ಗ್ರಾಂ ಇನ್ನೊಂದಕ್ಕೆ. ಬನ್ನಿನಲ್ಲಿ ನೀರು ಹೆಚ್ಚು, ಅದಕ್ಕೇ ಈ ತೂಕ. ಎರಡಕ್ಕೂ 50 ಮಿಲಿ ನೀರಿನಲ್ಲಿ 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಹಾಕಿ, ಅರ್ಧ ಗಂಟೆ ಆಗಾಗ ಕಲಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ. ಬಿಳಿ ಹಾಳೆ ಹಿಂದಿಟ್ಟು ಗುಲಾಬಿ ಬಣ್ಣ ಹೋಲಿಸಿ. ಹಸಿ ಹಿಟ್ಟಿನ ಲೋಟಕ್ಕೆ ಅದೇ ನಿಂಬೆ ಉಪ್ಪಿನ ನೀರು ಅಳೆದು ಸೇರಿಸುತ್ತ ಹೋಗಿ. ಎರಡು ಪಟ್ಟಾದಾಗ ಬಣ್ಣ ಸಮವಾದರೆ ಬನ್ನಿನಲ್ಲಿ ಸುಮಾರು ಅರ್ಧ ಉಳಿದಿದೆ.

ಗಂಗಾವತಿ ಬೇಕರಿ

ಆತ್ರಿ ಸರ್. ಹುಳಿ ಹಿಟ್ಟಿನ ಬನ್ನು, ಸಾದಾ ಬನ್ನು ಎರಡೂ ಸೋಸಿ ಫೋಟೋ ಹಾಕ್ತೀನಿ.